ಶೆಲ್ ಸೆಷನ್ ತಾನಾಗಿ ಔಟ್ ಆಗುತ್ತಿದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಊಟಕ್ಕೆ ಎದ್ದು ಹೋಗಿರುತ್ತೀರಿ. ಬಂದು ನೋಡಿದರೆ ಟರ್ಮಿನಲ್ ಸತ್ತಿರುತ್ತದೆ. ಮತ್ತೆ ಲಾಗಿನ್, ಮತ್ತೆ ಓಟಿಪಿ, ಮತ್ತೆ ಅದೇ ಫೋಲ್ಡರ್ ಹುಡುಕಿಕೊಂಡು ಹೋಗುವುದು. ಹೊಸದಾಗಿ ಕೆಲಸಕ್ಕೆ ಸೇರಿದವರು ನನ್ನನ್ನು ಅತಿ ಹೆಚ್ಚು ಸಲ ಕೇಳುವುದು ಇದನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಹೇಳಿದ ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸೆಷನ್ ಕಡಿಯುವವರು ಒಬ್ಬರಲ್ಲ. ನೀವು ಟೈಪ್ ಮಾಡಿದ ಆದೇಶಗಳನ್ನು ಓಡಿಸುವ ಶೆಲ್ ಕಡಿಯಬಹುದು. ಸರ್ವರ್‌ನಲ್ಲಿರುವ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಮಾಡಿಸುವ ಪ್ರೋಗ್ರಾಂ) ಕಡಿಯಬಹುದು. ನಡುವೆ ಇರುವ ರೂಟರ್ ಅಥವಾ ಫೈರ್‌ವಾಲ್ ಕಡಿಯಬಹುದು. ನಿಮ್ಮ ಲ್ಯಾಪ್‌ಟಾಪೇ ಕಡಿಯಬಹುದು. ಕಡಿದದ್ದು ಯಾರು ಅಂತ ಗೊತ್ತಾಗುವ ಮುಂಚೆ ಯಾವ ಸೆಟ್ಟಿಂಗ್‌ನನ್ನೂ ಮುಟ್ಟಬೇಡಿ.

ಇನ್ನೊಂದು ವಿಷಯ. ಆದೇಶಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ.

ಕಡಿದದ್ದು ಯಾರು ಅಂತ ಹೇಗೆ ತಿಳಿಯುವುದು?

ಮೊದಲು ಪರದೆಯ ಕೊನೆಯ ಸಾಲು ಓದಿ. ಬಹಳ ಜನ ಅದನ್ನು ಓದದೆ ಕಿಟಕಿ ಮುಚ್ಚಿಬಿಡುತ್ತಾರೆ.

"ಟೈಮ್ಡ್ ಔಟ್ ವೇಟಿಂಗ್ ಫಾರ್ ಇನ್‌ಪುಟ್: ಆಟೋ-ಲಾಗೌಟ್" ಅಂತ ಇದ್ದರೆ ಅದು ಬ್ಯಾಷ್ ಶೆಲ್‌ನ ಕೆಲಸ. ಅನುಮಾನವೇ ಬೇಡ. "ಟೈಮ್‌ಔಟ್, ಸರ್ವರ್ ನಾಟ್ ರೆಸ್ಪಾಂಡಿಂಗ್" ಅಂತ ಇದ್ದರೆ ನಿಮ್ಮ ಕಡೆಯ ಎಸ್‌ಎಸ್‌ಎಚ್ ಸರ್ವರ್‌ಗೆ ಕೂಗಿ ಕೂಗಿ ಸುಮ್ಮನಾಗಿದೆ. "ಬ್ರೋಕನ್ ಪೈಪ್" ಎಂದಿದ್ದರೆ ನೀವು ಏನೋ ಕಳಿಸಲು ಹೋದಾಗ ದಾರಿ ಆಗಲೇ ಕಡಿದುಹೋಗಿತ್ತು. ಏನೂ ಹೇಳದೆ ಪರದೆ ಕಲ್ಲಿನಂತೆ ನಿಂತುಬಿಟ್ಟರೆ ನಡುವಿನ ನೆಟ್‌ವರ್ಕ್ ಮೇಲೆ ಗುಮಾನಿ ಇಡಿ.

ಇಷ್ಟರಲ್ಲಿ ತಿಳಿಯದಿದ್ದರೆ ಮೂರು ಕಿಟಕಿ ತೆರೆದು ಮೂರರಲ್ಲೂ ಅದೇ ಸರ್ವರ್‌ಗೆ ಬೇರೆ ಬೇರೆಯಾಗಿ ಲಾಗಿನ್ ಆಗಿ. ಮೊದಲನೆಯದನ್ನು ಖಾಲಿ ಪ್ರಾಂಪ್ಟ್‌ನಲ್ಲಿ, ಅಂದರೆ ಶೆಲ್ ನಿಮ್ಮ ಆದೇಶಕ್ಕೆ ಕಾಯುವ ಸಾಲಿನಲ್ಲಿ, ಬಿಡಿ. ಎರಡನೆಯದರಲ್ಲಿ "ಸ್ಲೀಪ್ 7200" ಓಡಿಸಿ. ಅದು 2 ಗಂಟೆ ಏನೂ ಮಾತಾಡದೆ ಕೂತಿರುತ್ತದೆ. ಮೂರನೆಯದರಲ್ಲಿ 30 ಸೆಕೆಂಡಿಗೊಮ್ಮೆ ಸಮಯ ತೋರಿಸುವ ಲೂಪ್ ಹಾಕಿ: "ವೈಲ್ ಸ್ಲೀಪ್ 30; ಡು ಡೇಟ್; ಡನ್". ಗಡಿಯಾರ ನೋಡಿ ಸಮಯ ಬರೆದುಕೊಂಡು ಬೇರೆ ಕೆಲಸಕ್ಕೆ ಹೋಗಿ. ಆ ಹೊತ್ತು ಲ್ಯಾಪ್‌ಟಾಪ್ ನಿದ್ದೆಗೆ ಹೋಗದಂತೆ ನೋಡಿಕೊಳ್ಳಿ. ನಿಮ್ಮ ಎಸ್‌ಎಸ್‌ಎಚ್‌ನಲ್ಲಿ ಸರ್ವರ್‌ಅಲೈವ್‌ಇಂಟರ್ವಲ್ (ಆಗಾಗ ಸರ್ವರ್‌ಗೆ ಚಿಕ್ಕ ಪ್ಯಾಕೆಟ್ ಕಳಿಸುವ ಸೆಟ್ಟಿಂಗ್) ಇಟ್ಟಿದ್ದರೆ ಪರೀಕ್ಷೆ ಮುಗಿಯುವ ತನಕ ಅದನ್ನು 0 ಮಾಡಿ. ಇಲ್ಲವಾದರೆ ಅದು ನೆಟ್‌ವರ್ಕ್‌ನ ತಪ್ಪನ್ನು ಮುಚ್ಚಿಡುತ್ತದೆ.

ಖಾಲಿ ಪ್ರಾಂಪ್ಟ್ ಮಾತ್ರ ಸತ್ತು ಉಳಿದೆರಡು ಬದುಕಿದ್ದರೆ ಶೆಲ್‌ನ ಟೈಮರ್ ಕಾರಣ. ಖಾಲಿ ಪ್ರಾಂಪ್ಟ್ ಮತ್ತು ಸ್ಲೀಪ್ ಎರಡೂ ಸತ್ತು ಲೂಪ್ ಮಾತ್ರ ಉಳಿದಿದ್ದರೆ ನಡುವೆ ಯಾರೋ ಸದ್ದಿಲ್ಲದ ಸಂಪರ್ಕಗಳನ್ನು ಕಿತ್ತುಹಾಕುತ್ತಿದ್ದಾರೆ. ಮೂರೂ ಒಂದೇ ಕ್ಷಣದಲ್ಲಿ ಸತ್ತರೆ ವೈಫೈ, ವಿಪಿಎನ್ ಅಥವಾ ಸರ್ವರ್‌ನ ಲಾಗಿನ್ ವ್ಯವಸ್ಥೆಯನ್ನು ನೋಡಿ. ಅರ್ಧ ದಿನ ಹೋಗುತ್ತದೆ, ನಿಜ. ಆದರೆ ಸುಮ್ನೆ ಊಹೆ ಮಾಡಿ ವಾರಗಟ್ಟಲೆ ಒದ್ದಾಡುವುದು ತಪ್ಪುತ್ತದೆ.

ಟಿಎಂಔಟ್ ಎಂದರೇನು? ಎಲ್ಲಿರುತ್ತದೆ?

ಮೇಲೆ ಹೇಳಿದ ಶೆಲ್ ಟೈಮರ್‌ನ ಗಡುವು ಇಟ್ಟುಕೊಂಡಿರುವ ವೇರಿಯಬಲ್ ಅದು. ಹೆಸರಲ್ಲಿ ಐದು ಅಕ್ಷರ: ಟಿ, ಎಂ, ಓ, ಯು, ಟಿ. ಐದೂ ದೊಡ್ಡಕ್ಷರ. ಬೆಲೆ, ಅಂದರೆ ಅದರಲ್ಲಿಟ್ಟ ಸಂಖ್ಯೆ, ಸೆಕೆಂಡಿನಲ್ಲಿ. 600 ಎಂದಿದ್ದರೆ, ಪ್ರಾಂಪ್ಟ್ ಬಂದ ಮೇಲೆ 10 ನಿಮಿಷದೊಳಗೆ ಒಂದು ಪೂರ್ತಿ ಸಾಲು ಬರದಿದ್ದರೆ ಬ್ಯಾಷ್ ಮುಚ್ಚಿಕೊಳ್ಳುತ್ತದೆ. "ಪೂರ್ತಿ ಸಾಲು" ಎನ್ನುವುದನ್ನು ಗಮನಿಸಿ. ಉದ್ದದ ಆದೇಶವನ್ನು ಅರ್ಧ ಟೈಪ್ ಮಾಡಿ ಫೋನ್ ಎತ್ತಿಕೊಂಡರೆ ಆ ಅರ್ಧವೂ ಹೋಗುತ್ತದೆ. ಎಂಟರ್ ಒತ್ತಿದರೆ ಮಾತ್ರ ಸಾಲು ಪೂರ್ತಿ.

ಇದೆಯೋ ಇಲ್ಲವೋ ನೋಡಲು ಟಿಎಂಔಟ್ ಹೆಸರಿನ ಮುಂದೆ ಡಾಲರ್ ಚಿಹ್ನೆ ಇಟ್ಟು ಎಕೋ ಮಾಡಿ. ಸಂಖ್ಯೆ ಬಂದರೆ ಇದೆ. ಎಲ್ಲಿಂದ ಬಂತು ಅಂತ ಹುಡುಕಲು ಇಟಿಸಿ ಫೋಲ್ಡರ್‌ನ ಪ್ರೊಫೈಲ್ ಫೈಲ್, ಪ್ರೊಫೈಲ್-ಡಾಟ್-ಡಿ ಫೋಲ್ಡರ್, ಬ್ಯಾಷ್‌ಆರ್‌ಸಿ, ಮತ್ತು ನಿಮ್ಮ ಹೋಮ್‌ನಲ್ಲಿರುವ ಡಾಟ್ ಫೈಲ್‌ಗಳಲ್ಲಿ (ಹೆಸರು ಚುಕ್ಕಿಯಿಂದ ಶುರುವಾಗುವವು) ಟಿಎಂಔಟ್ ಅಂತ ಗ್ರೆಪ್ (ಫೈಲ್ ಒಳಗೆ ಪದ ಹುಡುಕುವ ಆದೇಶ) ಮಾಡಿ. ಕಂಪನಿ ಸರ್ವರ್‌ಗಳಲ್ಲಿ ಸಾಮಾನ್ಯವಾಗಿ ಪ್ರೊಫೈಲ್-ಡಾಟ್-ಡಿ ಒಳಗೆ ಒಂದು ಚಿಕ್ಕ ಫೈಲ್ ಇಟ್ಟಿರುತ್ತಾರೆ.

ಟಿಎಂಔಟ್ ತೆಗೆದುಹಾಕಲು ಅನ್‌ಸೆಟ್ ಮಾಡಿದರೆ "ರೀಡ್‌ಓನ್ಲಿ ವೇರಿಯಬಲ್" ಎನ್ನುತ್ತದೆ. ಏನು ಮಾಡಲಿ?

ಬೇಕೆಂದೇ ಬೀಗ ಹಾಕಿದ್ದಾರೆ ಎಂದರ್ಥ. ಆ ಶೆಲ್ ಇರುವ ತನಕ ಅದನ್ನು ಬದಲಿಸಲೂ ಆಗದು, ತೆಗೆಯಲೂ ಆಗದು. ಸುತ್ತು ದಾರಿಗಳು ಇವೆ. ಆದರೆ ಕಂಪನಿಯ ಸರ್ವರ್‌ನಲ್ಲಿ ಅವನ್ನು ಹಿಡಿಯಬೇಡಿ ಅಂತ ಕೇಳಿಕೊಳ್ಳುತ್ತೇನೆ. ರೂಟ್ (ಎಲ್ಲ ಅಧಿಕಾರ ಇರುವ ಖಾತೆ) ಪ್ರಾಂಪ್ಟ್ ತೆರೆದಿಟ್ಟು ಕಾಫಿಗೆ ಹೋದವರ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದು, ಅಲ್ವಾ? ಸರ್ವರ್ ಭದ್ರತೆಯ ಸಿಐಎಸ್ ಬೆಂಚ್‌ಮಾರ್ಕ್ ಈ ಬೆಲೆ 900 ಸೆಕೆಂಡ್ ಮೀರಬಾರದು ಎನ್ನುತ್ತದೆ. ಕಾರ್ಡ್ ಪಾವತಿಯ ಪಿಸಿಐ ಡಿಎಸ್‌ಎಸ್ ನಿಯಮದಲ್ಲೂ 15 ನಿಮಿಷ ಸುಮ್ಮನಿದ್ದರೆ ಮತ್ತೆ ಲಾಗಿನ್ ಕೇಳಬೇಕು ಎಂದಿದೆ. ಆಡಿಟ್‌ಗೆ ಉತ್ತರ ಕೊಡಬೇಕಾದವರು ನಿಮ್ಮ ಅಡ್ಮಿನ್. ಅವರ ಹತ್ತಿರ ಮಾತಾಡಿ. ಕೆಲಸಕ್ಕೆ ನಿಜವಾಗಿ ತೊಂದರೆ ಆಗುತ್ತಿದ್ದರೆ 300 ಇದ್ದದ್ದನ್ನು 900 ಮಾಡಲು ಹೆಚ್ಚಿನವರು ಒಪ್ಪುತ್ತಾರೆ.

ಸರ್ವರ್ ನಿಮ್ಮದೇ ಆಗಿದ್ದರೆ ಆ ಫೈಲ್‌ನ ಸಾಲು ತಿದ್ದಿ, ಹೊಸದಾಗಿ ಲಾಗಿನ್ ಆಗಿ. ಹಳೆಯ ಕಿಟಕಿಯಲ್ಲಿ ಬದಲಾವಣೆ ಕಾಣುವುದಿಲ್ಲ.

ವಿಮ್ ಎಡಿಟರ್ ಅಥವಾ ಟಾಪ್ ಪ್ರೋಗ್ರಾಂ ತೆರೆದಿಟ್ಟರೆ ಔಟ್ ಆಗುವುದಿಲ್ಲ. ಯಾಕೆ?

ಆಗ ಶೆಲ್ ನಿಮಗಾಗಿ ಕಾಯುತ್ತಿಲ್ಲ, ವಿಮ್ ಮುಗಿಯಲಿ ಅಂತ ಕಾಯುತ್ತಿದೆ. ಟಿಎಂಔಟ್‌ನ ಟೈಮರ್ ಓಡುವುದು ಪ್ರಾಂಪ್ಟ್ ಮುಂದೆ ಮಾತ್ರ. ಮೇಲಿನ ಸ್ಲೀಪ್ ಪರೀಕ್ಷೆ ನಿಂತಿರುವುದೂ ಇದರ ಮೇಲೇ.

ನನ್ನ ಸ್ಕ್ರಿಪ್ಟ್ ಉತ್ತರಕ್ಕೆ ಕಾಯದೆ ಮುಂದೆ ಹೋಗಿಬಿಟ್ಟಿತು. ಇದಕ್ಕೂ ಟಿಎಂಔಟ್‌ಗೂ ಸಂಬಂಧ ಇದೆಯೇ?

ಇರಬಹುದು. ಇದು ಬಹಳ ಜನರಿಗೆ ಗೊತ್ತಿಲ್ಲದ ಅಪಾಯ. ಟಿಎಂಔಟ್ ಎಕ್ಸ್‌ಪೋರ್ಟ್ ಆಗಿದ್ದರೆ ಬ್ಯಾಷ್ ಸ್ಕ್ರಿಪ್ಟ್‌ಗಳಿಗೂ ಇಳಿದು ಬರುತ್ತದೆ. ಅಲ್ಲಿ ನಿಮ್ಮ ಉತ್ತರ ಓದುವ "ರೀಡ್" ಆದೇಶಕ್ಕೆ ಅದೇ ಗಡುವಾಗುತ್ತದೆ. "ಹಳೆಯ ಬ್ಯಾಕಪ್ ಅಳಿಸಲೇ?" ಅಂತ ಕೇಳಿ ಸ್ಕ್ರಿಪ್ಟ್ ಕಾಯುತ್ತಿರುತ್ತದೆ. ನೀವು ಎದ್ದು ಹೋಗಿರುತ್ತೀರಿ. ಗಡುವು ಮುಗಿದು ರೀಡ್ ಸೋಲುತ್ತದೆ. ಸ್ಕ್ರಿಪ್ಟ್ ಆ ಸೋಲನ್ನು ನೋಡದೆ ಖಾಲಿ ಉತ್ತರ ಹಿಡಿದುಕೊಂಡೇ ಮುಂದಿನ ಸಾಲಿಗೆ ಹೋಗುತ್ತದೆ. ಖಾಲಿ ಉತ್ತರ ಎಂದರೆ "ಹೌದು" ಅಂತ ಬರೆದಿದ್ದರೆ ಬ್ಯಾಕಪ್ ಹೋಯಿತು!

ರೀಡ್ ಸೋತರೆ ಸ್ಕ್ರಿಪ್ಟ್ ನಿಲ್ಲುವಂತೆ ಬರೆಯಿರಿ. ಉತ್ತರ ಖಾಲಿ ಇದ್ದರೆ ಅದು "ಬೇಡ" ಎಂದೇ ಆಗಬೇಕು. ಕಾಯಲೇಬೇಕಾದ ಸ್ಕ್ರಿಪ್ಟ್ ಆದರೆ ಅದರ ಮೊದಲಲ್ಲೇ ಟಿಎಂಔಟ್ ಅನ್‌ಸೆಟ್ ಮಾಡಿ. ರೀಡ್‌ಓನ್ಲಿ ಬೀಗ ಈ ಶೆಲ್ ಶುರು ಮಾಡುವ ಹೊಸ ಶೆಲ್‌ಗೆ ಇಳಿಯುವುದಿಲ್ಲ, ಹಾಗಾಗಿ ಸ್ಕ್ರಿಪ್ಟ್ ಒಳಗೆ ಇದು ನಡೆಯುತ್ತದೆ.

ನಾನು ಬ್ಯಾಷ್ ಬಳಸುವುದಿಲ್ಲ. ಬೇರೆ ಶೆಲ್‌ಗಳಲ್ಲಿ ಹೇಗೆ?

ಕಾರ್ನ್ ಶೆಲ್‌ನಲ್ಲೂ ಟಿಎಂಔಟ್ ಇದೆ. ಅದು ಮುಚ್ಚುವ ಮುಂಚೆ ಎಚ್ಚರಿಕೆ ಕೊಟ್ಟು 60 ಸೆಕೆಂಡ್ ಕಾಯುತ್ತದೆ. ಜೆಡ್ ಶೆಲ್‌ನಲ್ಲಿ ಗಡುವು ಮುಗಿದಾಗ ಅಲಾರಂ ಸಿಗ್ನಲ್ ಬರುತ್ತದೆ. ಅದಕ್ಕೆ ನೀವು ಟ್ರ್ಯಾಪ್ (ಸಿಗ್ನಲ್ ಬಂದಾಗ ಓಡುವ ಆದೇಶ) ಬರೆದಿದ್ದರೆ ಶೆಲ್ ಅದನ್ನು ಓಡಿಸಿ ಮುಂದುವರಿಯುತ್ತದೆ, ಮುಚ್ಚುವುದಿಲ್ಲ. ಟಿಸಿ ಶೆಲ್‌ನಲ್ಲಿ ಹೆಸರೇ ಬೇರೆ, "ಆಟೋಲಾಗೌಟ್". ಲೆಕ್ಕವೂ ನಿಮಿಷದಲ್ಲಿ. ಬ್ಯಾಷ್‌ನಿಂದ 900 ಎತ್ತಿ ಅಲ್ಲಿ ಇಟ್ಟರೆ 15 ಗಂಟೆ ಆಗುತ್ತದೆ, ನೆನಪಿರಲಿ. ಫಿಶ್‌ನಲ್ಲಿ ಟಿಎಂಔಟ್ ಇಲ್ಲ.

ಸರ್ವರ್‌ನಲ್ಲಿ ಕ್ಲೈಂಟ್‌ಅಲೈವ್‌ಇಂಟರ್ವಲ್ 300 ಇದೆ. 5 ನಿಮಿಷಕ್ಕೆ ಔಟ್ ಆಗಲು ಅದೇ ಕಾರಣ ಅಲ್ವಾ?

ಸಾಮಾನ್ಯವಾಗಿ ಅಲ್ಲ. ಎಸ್‌ಎಸ್‌ಎಚ್ ಬಗ್ಗೆ ನಾನು ಅತಿ ಹೆಚ್ಚು ತಿದ್ದಿರುವ ತಪ್ಪು ತಿಳಿವಳಿಕೆ ಇದು. ಆ ಸೆಟ್ಟಿಂಗ್ ನೀವು ಟೈಪ್ ಮಾಡುತ್ತಿದ್ದೀರಾ ಅಂತ ನೋಡುವುದಿಲ್ಲ. ನಿಮ್ಮ ಕಡೆಯ ಪ್ರೋಗ್ರಾಂ ಬದುಕಿದೆಯೇ ಅಂತ ನೋಡುತ್ತದೆ. 300 ಸೆಕೆಂಡ್ ನಿಮ್ಮಿಂದ ಏನೂ ಬರದಿದ್ದರೆ ಸರ್ವರ್ "ಇದ್ದೀಯಾ?" ಎಂದು ಕೇಳುತ್ತದೆ. ನಿಮ್ಮ ಎಸ್‌ಎಸ್‌ಎಚ್ "ಇದ್ದೇನೆ" ಎನ್ನುತ್ತದೆ. ಅಷ್ಟಾದರೆ ಸಂಪರ್ಕ ಉಳಿಯಿತು. ನೀವು ಮಲಗಿದ್ದರೂ ಈ ಉತ್ತರ ತಾನಾಗಿ ಹೋಗುತ್ತದೆ. ಕ್ಲೈಂಟ್‌ಅಲೈವ್‌ಕೌಂಟ್‌ಮ್ಯಾಕ್ಸ್ ಮೊದಲಿಂದಲೇ 3 ಇರುತ್ತದೆ. ಅಷ್ಟು ಸಲ ಕೇಳಿದರೂ ಉತ್ತರ ಬರದಿದ್ದಾಗ ಮಾತ್ರ ಸರ್ವರ್ ಕಡಿಯುತ್ತದೆ.

ಈ ಗೊಂದಲಕ್ಕೂ ಒಂದು ಹಿನ್ನೆಲೆ ಇದೆ. ಹಿಂದೆ ಕೌಂಟ್‌ಮ್ಯಾಕ್ಸ್ ಅನ್ನು 0 ಮಾಡಿದರೆ ಮೊದಲ ಗಡುವಿಗೇ ಸಂಪರ್ಕ ಕಡಿಯುತ್ತಿತ್ತು. ಬಹಳ ಜನ ಅದನ್ನೇ ಐಡಲ್ ಟೈಮ್‌ಔಟ್ (ಸುಮ್ಮನಿದ್ದರೆ ಕಡಿಯುವ ಗಡುವು) ಅಂತ ಬಳಸಿದರು. 2020ರ ಓಪನ್‌ಎಸ್‌ಎಸ್‌ಎಚ್ 8.2ರಲ್ಲಿ ಅರ್ಥ ತಿರುಗಿತು. ಈಗ 0 ಎಂದರೆ "ಈ ಕಾರಣಕ್ಕೆ ಯಾವತ್ತೂ ಕಡಿಯಬೇಡ" ಅಂತ. ಹಳೆಯ ಸರ್ವರ್‌ನಲ್ಲಿ 5 ನಿಮಿಷಕ್ಕೆ ಔಟ್ ಆಗಿ, ಅದೇ ಸೆಟ್ಟಿಂಗ್ ಇರುವ ಹೊಸ ಸರ್ವರ್‌ನಲ್ಲಿ ದಿನವಿಡೀ ಉಳಿದರೆ ಕಾರಣ ಇದಿರಬಹುದು. ನಿಜವಾದ ಐಡಲ್ ಗಡುವು ಬೇಕಾದವರಿಗೆ 2023ರ 9.2ರಲ್ಲಿ ಚಾನೆಲ್‌ಟೈಮ್‌ಔಟ್ ಎಂಬ ಹೊಸ ಸೆಟ್ಟಿಂಗ್ ಬಂದಿದೆ.

ಸರ್ವರ್ ಯಾವ ಬೆಲೆ ಹಿಡಿದಿದೆ ಅಂತ ನೋಡಲು ರೂಟ್ ಆಗಿ "ಎಸ್‌ಎಸ್‌ಎಚ್‌ಡಿ -ಟಿ" ಓಡಿಸಿ. ಎಸ್‌ಎಸ್‌ಎಚ್‌ಡಿ ಎಂದರೆ ಸರ್ವರ್ ಕಡೆಯ ಎಸ್‌ಎಸ್‌ಎಚ್. ಇಲ್ಲಿನ ಟಿ ದೊಡ್ಡಕ್ಷರ. ಫೈಲ್ ಓದುವುದಕ್ಕಿಂತ ಇದು ವಾಸಿ. ಬೇರೆ ಫೈಲ್‌ಗಳಿಂದ ಸೇರಿಕೊಂಡದ್ದೂ ಇದರಲ್ಲಿ ಕಾಣುತ್ತದೆ. ಸರ್ವರ್ ಲಾಗ್‌ನಲ್ಲಿ "ಟೈಮ್‌ಔಟ್, ಕ್ಲೈಂಟ್ ನಾಟ್ ರೆಸ್ಪಾಂಡಿಂಗ್" ಅಂತ ಸಾಲು ಇದ್ದರೆ ಕಡಿದದ್ದು ಎಸ್‌ಎಸ್‌ಎಚ್‌ಡಿ. ಆದರೆ ಅದಕ್ಕೆ ಮೊದಲೇ ನೆಟ್‌ವರ್ಕ್ ಕೈಕೊಟ್ಟಿರುತ್ತದೆ.

ಸುಮ್ಮನೆ ಬಿಟ್ಟರೆ ಕೆಲವೇ ನಿಮಿಷಕ್ಕೆ ಪರದೆ ಹೆಪ್ಪುಗಟ್ಟುತ್ತದೆ. ಸಂದೇಶವೂ ಇಲ್ಲ. ಇದೇನು?

ನಡುವಿನ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಅಥವಾ ಫೈರ್‌ವಾಲ್. ನಿಮ್ಮ ಸಂಪರ್ಕ ಹಾದುಹೋಗುವ ಪ್ರತಿ ನ್ಯಾಟ್ ಪೆಟ್ಟಿಗೆಯೂ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ: ಈ ಒಳಗಿನ ವಿಳಾಸ, ಆ ಹೊರಗಿನ ವಿಳಾಸ, ಈ ಪೋರ್ಟ್. ಕೆಲ ಹೊತ್ತು ಸದ್ದಿಲ್ಲದಿದ್ದರೆ ಆ ಸಾಲನ್ನು ಅಳಿಸುತ್ತದೆ. ಆಮೇಲೆ ನೀವು ಕೀಲಿ ಒತ್ತಿದರೆ ಅದು ಎಲ್ಲಿಗೆ ಹೋಗಬೇಕು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಎರಡೂ ತುದಿಯವರು ಸಂಪರ್ಕ ಇದೆ ಅಂದುಕೊಂಡೇ ಇರುತ್ತಾರೆ.

2008ರ ಆರ್‌ಎಫ್‌ಸಿ 5382 ಎಂಬ ಇಂಟರ್ನೆಟ್ ಮಾನದಂಡದ ಪ್ರಕಾರ ಈ ಗಡುವು 2 ಗಂಟೆ 4 ನಿಮಿಷಕ್ಕಿಂತ ಕಡಿಮೆ ಇರಬಾರದು. ಲಿನಕ್ಸ್‌ನ ಸ್ವಂತ ಫೈರ್‌ವಾಲ್‌ನಲ್ಲಿ ಅದು 432000 ಸೆಕೆಂಡ್, ಅಂದರೆ 5 ದಿನ. ಆದರೆ ಕ್ಲೌಡ್‌ಗಳಲ್ಲಿ ಲೆಕ್ಕವೇ ಬೇರೆ. ಎಡಬ್ಲ್ಯೂಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಕೊಡುತ್ತದೆ. ಅಜೂರ್ ಲೋಡ್ ಬ್ಯಾಲೆನ್ಸರ್ ಏನೂ ಬದಲಿಸದಿದ್ದರೆ 4 ನಿಮಿಷ. ಗೂಗಲ್ ಕ್ಲೌಡ್ ಫೈರ್‌ವಾಲ್ 10 ನಿಮಿಷ. ನಿಮ್ಮ ಸೆಷನ್ ಸಾಯುವ ಹೊತ್ತು ಇವುಗಳಲ್ಲಿ ಒಂದಕ್ಕೆ ಹತ್ತಿರ ಇದೆಯೇ ನೋಡಿ. ಸಮಯ ಬರೆದುಕೊಳ್ಳಿ ಅಂದದ್ದು ಇದಕ್ಕೇ.

ಟಿಸಿಪಿಕೀಪ್‌ಅಲೈವ್ "ಯೆಸ್" ಇದೆಯಲ್ಲ, ಅದು ಕಾಪಾಡುವುದಿಲ್ಲವೇ?

ಅದು ಸಂಪರ್ಕ ಬದುಕಿದೆಯೇ ಅಂತ ನೋಡುವ ಇನ್ನೊಂದು ಎಸ್‌ಎಸ್‌ಎಚ್ ಸೆಟ್ಟಿಂಗ್. ಲಿನಕ್ಸ್‌ನಲ್ಲಿ ಅದರ ಮೊದಲ ಸದ್ದು ಹೊರಡುವುದು 7200 ಸೆಕೆಂಡ್, ಅಂದರೆ 2 ಗಂಟೆ ಕಳೆದ ಮೇಲೆ. 4 ನಿಮಿಷದ ಗಡುವಿನ ಮುಂದೆ ಅದರಿಂದ ಏನೂ ಪ್ರಯೋಜನ ಇಲ್ಲ.

ಅದರ ಬದಲು ನಿಮ್ಮ ಹೋಮ್‌ನ ಡಾಟ್-ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಕಾನ್ಫಿಗ್ ಫೈಲ್ ತೆರೆಯಿರಿ. "ಹೋಸ್ಟ್ *" ಕೆಳಗೆ ಸರ್ವರ್‌ಅಲೈವ್‌ಇಂಟರ್ವಲ್ 60 ಅಂತ ಬರೆಯಿರಿ. ಇದಕ್ಕೆ ಯಾವ ಅಡ್ಮಿನ್‌ನ ಅನುಮತಿಯೂ ಬೇಡ. ನಿಮಿಷಕ್ಕೊಮ್ಮೆ ನಿಮ್ಮ ಕಡೆಯಿಂದ ಚಿಕ್ಕ ಪ್ಯಾಕೆಟ್ ಹೋಗುತ್ತದೆ, ನಡುವಿನ ಪೆಟ್ಟಿಗೆ ನಿಮ್ಮನ್ನು ಮರೆಯುವುದಿಲ್ಲ. ಪುಟಿ ಬಳಸುವವರು ಕನೆಕ್ಷನ್ ಪುಟದಲ್ಲಿ "ಸೆಕೆಂಡ್ಸ್ ಬಿಟ್ವೀನ್ ಕೀಪ್‌ಅಲೈವ್ಸ್" ಎಂಬಲ್ಲಿ 0 ತೆಗೆದು 60 ಹಾಕಿ.

ಮೊಬೈಲ್ ಡೇಟಾದಲ್ಲಿ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ. ಇಲ್ಲೂ ಕೌಂಟ್‌ಮ್ಯಾಕ್ಸ್ 3. ಅಂದರೆ ಸುಮಾರು 3 ನಿಮಿಷ ನೆಟ್‌ವರ್ಕ್ ಹೋದರೆ ನಿಮ್ಮ ಎಸ್‌ಎಸ್‌ಎಚ್ ತಾನೇ ಕೈಬಿಡುತ್ತದೆ. ಈ ಸೆಟ್ಟಿಂಗ್ ಇಲ್ಲದಿದ್ದರೆ ಅದೇ ಸಂಪರ್ಕ ಉಳಿಯುತ್ತಿತ್ತೋ ಏನೋ. ಸಿಗ್ನಲ್ ಬಂದು ಹೋಗುವ ಊರಲ್ಲಿದ್ದರೆ ಸರ್ವರ್‌ಅಲೈವ್‌ಕೌಂಟ್‌ಮ್ಯಾಕ್ಸ್ 10 ಮಾಡಿಕೊಳ್ಳಿ.

ಸರ್ವರ್‌ಅಲೈವ್‌ಇಂಟರ್ವಲ್‌ನಿಂದ ಟಿಎಂಔಟ್ ನಿಲ್ಲುವುದಿಲ್ಲ. ಆ ಪ್ಯಾಕೆಟ್ ಶೆಲ್ ತನಕ ಹೋಗುವುದೇ ಇಲ್ಲ.

ಹೆಪ್ಪುಗಟ್ಟಿದ ಪರದೆಯಿಂದ ಹೊರಬರುವುದು ಹೇಗೆ?

ಮೊದಲು ಕಂಟ್ರೋಲ್ ಮತ್ತು ಕ್ಯೂ ಒತ್ತಿ ನೋಡಿ. ಸೇವ್ ಮಾಡುವ ಅಭ್ಯಾಸದಲ್ಲಿ ಕಂಟ್ರೋಲ್-ಎಸ್ ಒತ್ತಿದರೆ ಟರ್ಮಿನಲ್ ಅಕ್ಷರ ತೋರಿಸುವುದನ್ನು ನಿಲ್ಲಿಸುತ್ತದೆ. ಕಂಟ್ರೋಲ್-ಕ್ಯೂ ಒತ್ತಿದರೆ ಮತ್ತೆ ಶುರು. ಟೈಮ್‌ಔಟ್ ಅಂತ ನನ್ನ ಹತ್ತಿರ ಬಂದ ಎಷ್ಟೋ ದೂರುಗಳು ಇಷ್ಟರಲ್ಲೇ ಮುಗಿದಿವೆ.

ಅದಕ್ಕೂ ಅಲುಗಾಡದಿದ್ದರೆ ಎಂಟರ್ ಒತ್ತಿ, ಆಮೇಲೆ ಟಿಲ್ಡ, ಆಮೇಲೆ ಚುಕ್ಕಿ. ಎಸ್‌ಎಸ್‌ಎಚ್ ಅಲ್ಲೇ ಸಂಪರ್ಕ ಮುಚ್ಚುತ್ತದೆ. ಒಂದು ಸರ್ವರ್‌ನ ಒಳಗಿಂದ ಇನ್ನೊಂದಕ್ಕೆ ಹೋಗಿದ್ದು ಒಳಗಿನದನ್ನು ಮಾತ್ರ ಮುಚ್ಚಬೇಕಿದ್ದರೆ ಎರಡು ಟಿಲ್ಡ ಮತ್ತು ಚುಕ್ಕಿ.

ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಸೆಷನ್ ಇರುವುದಿಲ್ಲ. ಕೀಪ್‌ಅಲೈವ್ ಸಾಕಲ್ಲವೇ?

ಸಾಲದು. ನಿದ್ದೆಯಲ್ಲಿರುವ ಲ್ಯಾಪ್‌ಟಾಪ್ ಏನನ್ನೂ ಕಳಿಸುವುದಿಲ್ಲ. ಮನೆಯ ವೈಫೈನಿಂದ ಹಾಟ್‌ಸ್ಪಾಟ್‌ಗೆ ಹಾರಿದರೆ ಐಪಿ ವಿಳಾಸವೇ ಬದಲಾಗುತ್ತದೆ, ಹಳೆಯ ಟಿಸಿಪಿ ಸಂಪರ್ಕ ಉಳಿಯಲಾರದು. ಇಂಥ ಓಡಾಟ ಇರುವವರಿಗೆ ಮಾಶ್ ಎಂಬ ಪ್ರೋಗ್ರಾಂ ಒಳ್ಳೆಯದು. 2012ರಲ್ಲಿ ಎಂಐಟಿಯಿಂದ ಬಂದದ್ದು. ಟಿಸಿಪಿ ಬದಲು ಯುಡಿಪಿ ಮೇಲೆ ನಡೆಯುತ್ತದೆ, ವಿಳಾಸ ಬದಲಾದರೂ ಹಿಡಿದುಕೊಳ್ಳುತ್ತದೆ. ಸರ್ವರ್‌ನಲ್ಲೂ ಅದನ್ನು ಹಾಕಬೇಕು, 60000ದಿಂದ 61000ದ ನಡುವಿನ ಯುಡಿಪಿ ಪೋರ್ಟ್‌ಗಳೂ ತೆರೆದಿರಬೇಕು. ಕಂಪನಿಗಳಲ್ಲಿ ಈ ಎರಡನೆಯದು ಸುಲಭಕ್ಕೆ ಸಿಗುವುದಿಲ್ಲ.

ಸಂಪರ್ಕ ಕಡಿದರೆ ಓಡುತ್ತಿದ್ದ ಕೆಲಸವೂ ಯಾಕೆ ಸಾಯುತ್ತದೆ?

ಟರ್ಮಿನಲ್ ಹೋದಾಗ ಶೆಲ್‌ಗೆ ಹ್ಯಾಂಗಪ್ ಸಿಗ್ನಲ್ ಬರುತ್ತದೆ. ಶೆಲ್ ಅದನ್ನು ತನ್ನ ಕೆಳಗಿನ ಕೆಲಸಗಳಿಗೂ ದಾಟಿಸುತ್ತದೆ. ಅದನ್ನು ಹಿಡಿದುಕೊಳ್ಳದ ಪ್ರೋಗ್ರಾಂ ಅಲ್ಲೇ ಮುಗಿಯಿತು.

ಇದರ ಬಿಸಿ ನನಗೂ ತಟ್ಟಿದೆ. ಕೆಲವು ವರ್ಷಗಳ ಹಿಂದೆ ಊರಿನ ಮನೆಯಲ್ಲಿ ಕೂತು ಒಂದು ದೊಡ್ಡ ಟೇಬಲ್‌ನ ಸಾಲುಗಳನ್ನು ಹೊಸ ಟೇಬಲ್‌ಗೆ ಸಾಗಿಸುವ ಸ್ಕ್ರಿಪ್ಟ್ ಓಡಿಸುತ್ತಿದ್ದೆ. ಮಳೆಗಾಲದ ರಾತ್ರಿ, ಮೊಬೈಲ್ ಹಾಟ್‌ಸ್ಪಾಟ್. ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ಸಿಗ್ನಲ್ಲೂ ಹೋಯಿತು. ಸ್ಕ್ರಿಪ್ಟ್ ನಡುದಾರಿಯಲ್ಲಿ ಸತ್ತಿತು. ಯಾವ ಸಾಲು ಹೋಗಿದೆ, ಯಾವುದು ಹೋಗಿಲ್ಲ ಅಂತ ಲೆಕ್ಕ ಹಿಡಿಯುವಷ್ಟರಲ್ಲಿ ಬೆಳಗಾಯಿತು. ಅವತ್ತಿನಿಂದ 5 ನಿಮಿಷಕ್ಕಿಂತ ಜಾಸ್ತಿ ಹಿಡಿಯುವ ಯಾವ ಕೆಲಸವನ್ನೂ ನಾನು ಬರಿ ಎಸ್‌ಎಸ್‌ಎಚ್ ಮೇಲೆ ಓಡಿಸಿಲ್ಲ.

ಲಾಗಿನ್ ಆದ ಕೂಡಲೇ "ಟಿಮಕ್ಸ್" (ಟಿ, ಎಂ, ಯು, ಎಕ್ಸ್) ಎಂದು ಟೈಪ್ ಮಾಡಿ, ಅದರೊಳಗೆ ಕೆಲಸ ಶುರು ಮಾಡಿ. ಸಂಪರ್ಕ ಕಡಿದರೂ ಕೆಲಸ ಸರ್ವರ್‌ನಲ್ಲೇ ನಡೆಯುತ್ತಿರುತ್ತದೆ. ಮತ್ತೆ ಬಂದು "ಟಿಮಕ್ಸ್ ಅಟ್ಯಾಚ್" ಅಂದರೆ ಬಿಟ್ಟಲ್ಲಿಂದ ಕಾಣುತ್ತದೆ. ಟಿಮಕ್ಸ್ ಇಲ್ಲದ ಹಳೆಯ ಸರ್ವರ್‌ಗಳಲ್ಲಿ "ಸ್ಕ್ರೀನ್" ಎಂಬ ಅಂಥದೇ ಪ್ರೋಗ್ರಾಂ ಇರುತ್ತದೆ. ಅದು 1987ರಿಂದ ಇದೆ. ಎರಡೂ ಇಲ್ಲದಿದ್ದರೆ ಆದೇಶದ ಮುಂದೆ "ನೋಹಪ್" ಸೇರಿಸಿ, ಕೊನೆಗೆ ಆಂಪರ್ಸಂಡ್ ಹಾಕಿ. ಔಟ್‌ಪುಟ್ ನೋಹಪ್-ಡಾಟ್-ಔಟ್ ಫೈಲ್‌ಗೆ ಹೋಗುತ್ತದೆ.

ಟಿಮಕ್ಸ್ ಒಳಗಿದ್ದೆ. ಆದರೂ ಕಿಟಕಿ ಮಾಯವಾಗಿದೆ!

ಎರಡು ಕಾರಣ ನೋಡಿದ್ದೇನೆ. ಒಂದು, ಟಿಎಂಔಟ್ ಟಿಮಕ್ಸ್ ಒಳಗೂ ಕೆಲಸ ಮಾಡುತ್ತದೆ. ಟಿಮಕ್ಸ್ ಪ್ರತಿ ಪೇನ್‌ನಲ್ಲಿ (ಅದರೊಳಗಿನ ಕಿಟಕಿಯ ಒಂದೊಂದು ಭಾಗ) ಲಾಗಿನ್ ಶೆಲ್ ಶುರು ಮಾಡುತ್ತದೆ, ಅದು ಪ್ರೊಫೈಲ್ ಫೈಲ್ ಓದುತ್ತದೆ. ಕೆಲಸ ಓಡುವ ತನಕ ಪೇನ್ ಕ್ಷೇಮ. ಕೆಲಸ ಮುಗಿದು ಪ್ರಾಂಪ್ಟ್ ಬಂದ ಕೂಡಲೇ ಟೈಮರ್ ಶುರು. ನೀವು ಬೆಳಗ್ಗೆ ಬರುವಷ್ಟರಲ್ಲಿ ಪೇನ್ ಮುಚ್ಚಿ ಅದರಲ್ಲಿದ್ದ ಔಟ್‌ಪುಟ್ ಪೂರ್ತಿ ಹೋಗಿರುತ್ತದೆ. ಕೆಲಸ ಮಾತ್ರ ಸರಿಯಾಗಿ ಮುಗಿದಿರುತ್ತದೆ, ನೋಡಲು ಗುರುತು ಇರುವುದಿಲ್ಲ. ಹಾಗಾಗಿ ಔಟ್‌ಪುಟ್‌ನನ್ನು "ಟೀ" ಮೂಲಕ ಫೈಲ್‌ಗೂ ಬರೆಸಿ. ಟಿಮಕ್ಸ್‌ನ "ರಿಮೇನ್-ಆನ್-ಎಕ್ಸಿಟ್" ಆನ್ ಮಾಡಿದರೂ ಪೇನ್ ಉಳಿಯುತ್ತದೆ.

ಎರಡನೆಯದು ಸಿಸ್ಟಂಡಿ, ಲಿನಕ್ಸ್‌ನಲ್ಲಿ ಸೇವೆಗಳನ್ನೂ ಲಾಗಿನ್‌ಗಳನ್ನೂ ನೋಡಿಕೊಳ್ಳುವ ವ್ಯವಸ್ಥೆ. ಅದರ ಲಾಗಿನ್‌ಡಿ ಕಾನ್ಫಿಗ್ ಫೈಲ್‌ನಲ್ಲಿ ಕಿಲ್‌ಯೂಸರ್‌ಪ್ರೊಸೆಸಸ್ "ಯೆಸ್" ಇದ್ದರೆ ನೀವು ಲಾಗೌಟ್ ಆದಾಗ ಟಿಮಕ್ಸ್ ಕೂಡ ಸಾಯುತ್ತದೆ. ಆಗ ಲಿಂಗರ್ (ಲಾಗೌಟ್ ಆದ ಮೇಲೂ ನಿಮ್ಮ ಕೆಲಸ ಉಳಿಯಲು ಬಿಡುವ ಸೆಟ್ಟಿಂಗ್) ಆನ್ ಮಾಡಿಸಿಕೊಂಡು, ಟಿಮಕ್ಸ್‌ನನ್ನು "ಸಿಸ್ಟಂಡಿ-ರನ್"ನ ಯೂಸರ್ ಸ್ಕೋಪ್‌ನಲ್ಲಿ ಶುರು ಮಾಡಬೇಕು.

ಅದೇ ಫೈಲ್‌ನಲ್ಲಿ ಸ್ಟಾಪ್‌ಐಡಲ್‌ಸೆಷನ್‌ಸೆಕ್ ಇದೆಯೇ ಅಂತಲೂ ನೋಡಿ. 2022ರ ಸಿಸ್ಟಂಡಿ 252ರಲ್ಲಿ ಬಂದದ್ದು. ಇದು ನೀವು ಕೀಲಿ ಒತ್ತುತ್ತಿದ್ದೀರಾ ಅಂತ ನೋಡುತ್ತದೆ. ಪರದೆ ಮೇಲೆ ಅಕ್ಷರ ಓಡುತ್ತಿದ್ದರೆ ಸಾಲದು. ಮೇಲಿನ ಪರೀಕ್ಷೆಯಲ್ಲಿ ಲೂಪ್ ಓಡುತ್ತಿದ್ದ ಕಿಟಕಿಯೂ ಸರಿಯಾಗಿ 15 ನಿಮಿಷಕ್ಕೆ ಸತ್ತರೆ ಮೊದಲು ಇಲ್ಲಿ ಹುಡುಕಿ.

ರೂಟರ್, ಡೇಟಾಬೇಸ್, ಕುಬರ್ನೆಟೀಸ್ ಶೆಲ್‌ಗಳಲ್ಲೂ ಇದೇ ಗೋಳು. ಅವಕ್ಕೂ ಇದೇ ಮದ್ದೇ?

ಅಲ್ಲ, ಒಂದೊಂದಕ್ಕೂ ಸ್ವಂತ ಗಡುವಿದೆ. ಸಿಸ್ಕೋ ಐಓಎಸ್‌ನಲ್ಲಿ ಎಕ್ಸೆಕ್-ಟೈಮ್‌ಔಟ್, ಮುಟ್ಟದಿದ್ದರೆ 10 ನಿಮಿಷ. ಮೈಎಸ್‌ಕ್ಯೂಎಲ್ ಪ್ರಾಂಪ್ಟ್‌ಗೆ ಇಂಟರ್‌ಆ್ಯಕ್ಟಿವ್-ಟೈಮ್‌ಔಟ್, 28800 ಸೆಕೆಂಡ್. ಕುಬರ್ನೆಟೀಸ್‌ನ ಕುಬ್‌ಲೆಟ್ ಸುಮ್ಮನಿರುವ ಎಕ್ಸೆಕ್ ಸಂಪರ್ಕವನ್ನು 4 ಗಂಟೆ ಬಿಡುತ್ತದೆ. ಅದಕ್ಕಿಂತ ಬೇಗ ಕಡಿದರೆ ನಡುವಿನ ಲೋಡ್ ಬ್ಯಾಲೆನ್ಸರ್ ನೋಡಿ. ಅಜೂರ್ ಕ್ಲೌಡ್ ಶೆಲ್ 20 ನಿಮಿಷ. ಎಡಬ್ಲ್ಯೂಎಸ್ ಸೆಷನ್ ಮ್ಯಾನೇಜರ್ ಕೂಡ 20 ನಿಮಿಷ, ಅದನ್ನು 60ರ ತನಕ ಏರಿಸಬಹುದು. ಸುಡೋ (ರೂಟ್ ಅಧಿಕಾರದಲ್ಲಿ ಆದೇಶ ಓಡಿಸುವ ಪ್ರೋಗ್ರಾಂ) ಮತ್ತೆ ಪಾಸ್‌ವರ್ಡ್ ಕೇಳುವುದು ಸೆಷನ್ ಸತ್ತಂತೆ ಅಲ್ಲ. ಅದರ ನೆನಪು ಉಬುಂಟುವಿನಲ್ಲಿ 15 ನಿಮಿಷ, ಅಷ್ಟೇ.

ಎಲ್ಲ ನೋಡಿ ಆಯಿತು. ಅಡ್ಮಿನ್‌ಗೆ ಏನಂತ ಬರೆಯಲಿ?

"ಸರ್ವರ್ ಪದೇ ಪದೇ ಔಟ್ ಆಗುತ್ತಿದೆ, ಸರಿ ಮಾಡಿ" ಅಂತ ಮಾತ್ರ ಬರೆಯಬೇಡಿ. ಅದನ್ನು ಓದಿದವರು ಎಲ್ಲಿಂದ ಶುರು ಮಾಡಬೇಕು? ಯಾವ ಸರ್ವರ್, ಯಾವ ಯೂಸರ್, ಕಡಿದ ಸಮಯ ಸೆಕೆಂಡ್ ಸಮೇತ, ಎಷ್ಟು ನಿಮಿಷ ಸುಮ್ಮನಿದ್ದ ಮೇಲೆ, ಪರದೆಯ ಕೊನೆಯ ಸಾಲು ಇದ್ದ ಹಾಗೇ, ವಿಪಿಎನ್ ಇತ್ತೇ ಇಲ್ಲವೇ, ಮೂರು ಕಿಟಕಿಗಳಲ್ಲಿ ಯಾವುದು ಸತ್ತಿತು ಯಾವುದು ಉಳಿಯಿತು. ಇಷ್ಟು ಬರೆಯಿರಿ. "ಎಸ್‌ಎಸ್‌ಎಚ್ -ವಿ" ಹಾಕಿ ಲಾಗಿನ್ ಆಗಿದ್ದರೆ ಅದರ ಕೊನೆಯ ಇಪ್ಪತ್ತು ಸಾಲನ್ನೂ ಅಂಟಿಸಿ. ಸಮಯ ಐಎಸ್‌ಟಿಯೋ ಯುಟಿಸಿಯೋ ಅಂತ ಪಕ್ಕದಲ್ಲಿ ನಮೂದಿಸಿ. ಬಹಳಷ್ಟು ಸರ್ವರ್‌ಗಳ ಲಾಗ್ ಯುಟಿಸಿಯಲ್ಲಿರುತ್ತದೆ. ಐದೂವರೆ ಗಂಟೆಯ ವ್ಯತ್ಯಾಸದಿಂದ ತಪ್ಪು ಸಾಲು ಹುಡುಕಿಕೊಂಡು ಕೂತ ದಿನಗಳು ನಮ್ಮ ತಂಡದಲ್ಲೇ ಆಗಿವೆ.